ಚಿಪ್ಪಿನಲ್ಲಡಗಿದ ಉಷ್ಣಮಾಪಕ



ಕನ್ನಡ ಪಂಡಿತನೊಬ್ಬನು ವಿಜ್ಞಾನದ ಮಾತನ್ನಾಡಲು ಕುಳಿತರೆ, ‘ಇವನಿಗೇಕೆ ಈ ಉಸಾಬರಿ?’ ಎಂದು ನಿಮಗೆ ಅನ್ನಿಸಬಹುದು. ಅನ್ನಿಸಿದರೆ ತಪ್ಪಿಲ್ಲ. ನಾನು ಪ್ರೌಢಶಾಲೆಯಲ್ಲಿ ಮಕ್ಕಳಿಗೆ ಹಳಗನ್ನಡ ಪದ್ಯ, ಛಂದಸ್ಸು, ವ್ಯಾಕರಣಗಳನ್ನು ಹೇಳಿಕೊಡುವವನು. ಪ್ರಯೋಗಶಾಲೆಯ ಹೊಸಲನ್ನು ದಾಟಿದ್ದು ಬಹುಮಟ್ಟಿಗೆ ಪರೀಕ್ಷೆಯ ಮೇಲ್ವಿಚಾರಣೆಗಾಗಿ ಮಾತ್ರ. ಆದರೂ ಈ ವಿಷಯದ ಬೆನ್ನು ಹತ್ತುವುದಕ್ಕೆ ಒಬ್ಬ ಹುಡುಗನ ಪ್ರಶ್ನೆ ಕಾರಣವಾಯಿತು. ಅದನ್ನು ಮೊದಲು ಹೇಳಿಬಿಡುತ್ತೇನೆ.

ಬೇಸಗೆ ಕಾಲಿಡುತ್ತಿದ್ದ ಒಂದು ಮಧ್ಯಾಹ್ನ, ಒಂಬತ್ತನೆಯ ತರಗತಿ. ಪಾಠ, ಗ್ರೀಷ್ಮ ಋತುವಿನ ವರ್ಣನೆ. ಮಾತಿನ ಭರದಲ್ಲಿ ನಾನು, ‘ಕೋಟ್ಯಂತರ ವರ್ಷಗಳ ಹಿಂದೆ ಭೂಮಿ ಇಂದಿಗಿಂತಲೂ ಬಿಸಿಯಾಗಿತ್ತಂತೆ, ಆಮೇಲೆ ಹಿಮಯುಗಗಳು ಬಂದುವಂತೆ’ ಎಂದೆ. ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಎದ್ದು ನಿಂತ. ‘ಅಂತೆ ಅಂದ್ರೆ ಹೇಗೆ ಸಾರ್? ಆಗ ಥರ್ಮಾಮೀಟರ್ ಹಿಡ್ಕೊಂಡು ನೋಡಿದೋರು ಯಾರು?’ ಎಂದ. ತರಗತಿಯೆಲ್ಲ ನಕ್ಕಿತು. ‘ಪುಸ್ತಕದಲ್ಲಿ ಹಾಗಿದೆ, ಕೂತ್ಕೋ’ ಎಂದೆ. ಅವನು ಕುಳಿತ, ನನಗೆ ಮಾತ್ರ ಸಮಾಧಾನವಾಗಲಿಲ್ಲ. ‘ಅಂತೆ’ ಎಂಬುದು ಪರರಿಂದ ಕೇಳಿದ ಮಾತನ್ನು ಸೂಚಿಸುತ್ತದೆ, ಆಡುವವನು ಅದಕ್ಕೆ ಹೊಣೆಯಲ್ಲ ಎಂದು ವ್ಯಾಕರಣದ ಪಾಠದಲ್ಲಿ ಆ ಹುಡುಗನಿಗೆ ಹೇಳಿಕೊಟ್ಟವನು ನಾನೇ. ಅವನು ಪಾಠವನ್ನು ಚೆನ್ನಾಗಿ ಕಲಿತಿದ್ದ.

ನಮ್ಮ ಶಾಲೆಯ ವಿಜ್ಞಾನದ ಉಪಾಧ್ಯಾಯರನ್ನು ಕಾಡಿ, ಪುಸ್ತಕ ಪತ್ರಿಕೆಗಳನ್ನು ತಿರುವಿಹಾಕಿ, ತಿಳಿದುಕೊಂಡದ್ದನ್ನು ಈ ಹೊತ್ತು ನಿಮ್ಮ ಮುಂದಿಡುತ್ತೇನೆ. ಈ ವಿದ್ಯೆಗೆ ಸ್ಥಿರ ಸಮಸ್ಥಾನಿಗಳ ಭೂರಸಾಯನ ಶಾಸ್ತ್ರ ಎಂದು ಹೆಸರು. ಹೆಸರು ಕೇಳಿ ಯಾರೂ ರೇಡಿಯೋ ಆರಿಸಬೇಡಿ. ಒಳಗಿನ ವಿಷಯ ಹೆಸರಿನಷ್ಟು ಕಠಿನವಾದುದಲ್ಲ.

ಮೊದಲು ‘ಸಮಸ್ಥಾನಿ’ ಎಂಬ ಶಬ್ದ. ಇಂಗ್ಲಿಷಿನಲ್ಲಿ ಇದಕ್ಕೆ ಐಸೊಟೋಪ್ ಎನ್ನುತ್ತಾರೆ. ಗ್ರೀಕ್ ಭಾಷೆಯಲ್ಲಿ ‘ಐಸೊಸ್’ ಎಂದರೆ ಸಮ, ‘ಟೋಪೊಸ್’ ಎಂದರೆ ಸ್ಥಾನ. ೧೯೧೩ರಲ್ಲಿ ಫ್ರೆಡರಿಕ್ ಸಾಡಿ ಎಂಬ ವಿಜ್ಞಾನಿ ಈ ಹೆಸರನ್ನು ಬಳಕೆಗೆ ತಂದ. ಮೂಲವಸ್ತುಗಳ ಪಟ್ಟಿಯಲ್ಲಿ ಒಂದೇ ಮನೆಯಲ್ಲಿ ಕೂರಬೇಕಾದ, ಗುಣದಲ್ಲಿ ಒಂದೇ ಆದ, ಆದರೆ ತೂಕದಲ್ಲಿ ಬೇರೆಯಾದ ಪರಮಾಣುಗಳಿಗೆ ಈ ಹೆಸರು. ಆಮ್ಲಜನಕವನ್ನೇ ತೆಗೆದುಕೊಳ್ಳಿ. ಅದರ ಪರಮಾಣುಗಳಲ್ಲಿ ಬಹುಪಾಲಿನವುಗಳ ತೂಕ ೧೬. ಸುಮಾರು ಐದುನೂರಕ್ಕೆ ಒಂದರಂತೆ ತೂಕ ೧೮ ಇರುವವೂ ಉಂಟು. ಹದಿನೇಳರದೂ ಒಂದಿದೆ, ಅದು ಬಹಳ ವಿರಳ, ಇಲ್ಲಿ ಅದನ್ನು ಬಿಡೋಣ. ಹಾಗೆಯೇ ಇಂಗಾಲದಲ್ಲಿ ತೂಕ ೧೨ ಇರುವವು ಹೆಚ್ಚು. ಸುಮಾರು ತೊಂಬತ್ತಕ್ಕೆ ಒಂದರ ತೂಕ ೧೩.

ನಾನು ಇದನ್ನು ನನ್ನ ಮಕ್ಕಳಿಗೆ ಛಂದಸ್ಸಿನ ಮಾತಿನಲ್ಲಿಯೇ ಹೇಳಿದೆ. ಲಘುವೂ ಅಕ್ಷರವೇ, ಗುರುವೂ ಅಕ್ಷರವೇ. ಒಂದಕ್ಕೆ ಒಂದು ಮಾತ್ರೆ, ಮತ್ತೊಂದಕ್ಕೆ ಎರಡು. ಆಮ್ಲಜನಕ-೧೬ ಲಘು, ಆಮ್ಲಜನಕ-೧೮ ಗುರು. ಎರಡೂ ಉಸಿರಾಟಕ್ಕೆ ಬರುತ್ತವೆ, ಎರಡರಿಂದಲೂ ನೀರಾಗುತ್ತದೆ. ಆದರೆ ನಡಿಗೆ ಮಾತ್ರ ಒಂದೇ ಅಲ್ಲ. ಇನ್ನು ‘ಸ್ಥಿರ’ ಎಂಬ ವಿಶೇಷಣ. ಇಂಗಾಲದಲ್ಲಿಯೇ ತೂಕ ೧೪ ಇರುವ ಇನ್ನೊಂದು ಬಗೆಯಿದೆ. ಅದು ಕಾಲಕ್ರಮದಲ್ಲಿ ಸವೆದುಹೋಗುತ್ತದೆ. ಹಳೆಯ ಮರ ಮೂಳೆಗಳ ವಯಸ್ಸನ್ನು ಅದರಿಂದ ಎಣಿಸುವುದನ್ನು ನೀವು ಕೇಳಿರಬಹುದು. ನಾನು ಹೇಳುತ್ತಿರುವವು ಸವೆಯುವವಲ್ಲ. ಹತ್ತು ಕೋಟಿ ವರ್ಷ ಕಳೆದರೂ ಗುರು ಗುರುವೇ, ಲಘು ಲಘುವೇ. ಆದ್ದರಿಂದಲೇ ಹಳೆಯ ಕಾಲದ ಸಾಕ್ಷ್ಯಕ್ಕೆ ಇವು ಒದಗುತ್ತವೆ.

ಈ ಲಘುಗುರುಗಳ ನಡಿಗೆಯಲ್ಲಿ ವ್ಯತ್ಯಾಸ ಬರುವುದು ಹೇಗೆ? ಕಣದಲ್ಲಿ ರಾಶಿ ತೂರುವುದನ್ನು ನೋಡಿದವರಿಗೆ ಇದು ಬೇಗ ತಿಳಿಯುತ್ತದೆ. ಗಾಳಿಗೆ ಹೊಟ್ಟು ದೂರ ಹಾರುತ್ತದೆ, ಕಾಳು ಕಾಲ ಬಳಿ ಬೀಳುತ್ತದೆ. ಸಮುದ್ರದ ನೀರು ಆವಿಯಾಗುವಾಗಲೂ ಹೀಗೆಯೆ. ಹಗುರವಾದ ಆಮ್ಲಜನಕವುಳ್ಳ ನೀರು ತುಸು ಸುಲಭವಾಗಿ ಮೇಲೇಳುತ್ತದೆ. ಭಾರವಾದುದು ತುಸು ಹಿಂದುಳಿಯುತ್ತದೆ. ಆವಿ ಮೋಡವಾಗಿ ಮಳೆ ಸುರಿಯುವಾಗ ಭಾರವಾದುದು ಮೊದಲು ಕೆಳಗಿಳಿಯುತ್ತದೆ. ಆದರೆ ಕಾಳು ಹೊಟ್ಟಿನಷ್ಟು ದೊಡ್ಡ ಅಂತರ ಇಲ್ಲಿಲ್ಲ. ಸಾವಿರಕ್ಕೆ ಕೆಲವು ಪಾಲು ಮಾತ್ರ. ಅದಕ್ಕಾಗಿಯೇ ಈ ವಿದ್ಯೆಯಲ್ಲಿ ಎಲ್ಲ ಲೆಕ್ಕವೂ ನೂರಕ್ಕೆ ಇಷ್ಟು ಎಂದಲ್ಲ, ಸಾವಿರಕ್ಕೆ ಇಷ್ಟು ಎಂದು.

ಈಗ ಹುಡುಗ ಕೇಳಿದ ಥರ್ಮಾಮೀಟರಿಗೆ ಬರೋಣ. ಅದನ್ನು ಕಂಡುಹಿಡಿದವನು ಅಮೆರಿಕದ ಹೆರಾಲ್ಡ್ ಯೂರಿ. ಭಾರವಾದ ಜಲಜನಕವನ್ನು ೧೯೩೧ರಲ್ಲಿ ಕಂಡುಹಿಡಿದು ೧೯೩೪ರಲ್ಲಿ ನೊಬೆಲ್ ಬಹುಮಾನ ಪಡೆದವನು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸಮಸ್ಥಾನಿಗಳನ್ನು ಬೇರ್ಪಡಿಸುವ ಯುದ್ಧಕಾರ್ಯದ ಹೊಣೆ ಅವನ ಮೇಲಿತ್ತು. ಯುದ್ಧ ಮುಗಿದ ಮೇಲೆ ಅವನ ಮನಸ್ಸು ಸಮುದ್ರದ ಕಡೆಗೆ, ಚಿಪ್ಪಿನ ಕಡೆಗೆ ಹೊರಳಿತು. ೧೯೪೬ರಲ್ಲಿ ಸ್ವಿಟ್ಜರ್ಲೆಂಡಿನ ಜೂರಿಕ್ ನಗರದಲ್ಲಿ ಈ ವಿಷಯವಾಗಿ ಉಪನ್ಯಾಸ ಕೊಟ್ಟ. ಮರುವರ್ಷ ತನ್ನ ಲೆಕ್ಕಾಚಾರವನ್ನು ಪ್ರಕಟಿಸಿದ. ಅದರ ಸಾರ ಇಷ್ಟು. ಸಮುದ್ರದ ಜೀವಿ ನೀರಿನಿಂದ ಸುಣ್ಣವನ್ನು ತೆಗೆದು ಚಿಪ್ಪು ಕಟ್ಟಿಕೊಳ್ಳುತ್ತದೆ. ಸುಣ್ಣದ ಅಣುವಿನಲ್ಲಿ ಒಂದು ಇಂಗಾಲ, ಮೂರು ಆಮ್ಲಜನಕ. ನೀರಿಗಿಂತ ಚಿಪ್ಪಿನೊಳಗೆ ಸೇರುವುದರಲ್ಲಿ ಗುರುವಿಗೆ ಆಸೆ ಹೆಚ್ಚು. ನೀರು ತಣ್ಣಗಿದ್ದಷ್ಟೂ ಈ ಪಕ್ಷಪಾತ ಹೆಚ್ಚು, ಬೆಚ್ಚಗಾದಷ್ಟೂ ಕಡಮೆ. ಒಂದು ಡಿಗ್ರಿ ಬಿಸಿಯೇರಿದರೆ ಚಿಪ್ಪಿನಲ್ಲಿ ಗುರುವಿನ ಪಾಲು ಸಾವಿರಕ್ಕೆ ಸುಮಾರು ೦.೨ರಷ್ಟು ಇಳಿಯುತ್ತದೆ. ಅಂದರೆ ಚಿಪ್ಪನ್ನು ಪುಡಿಮಾಡಿ ಲಘುಗುರುಗಳನ್ನು ಎಣಿಸಿದರೆ, ಅದು ಬೆಳೆದ ನೀರಿನ ಉಷ್ಣತೆಯನ್ನು ಹೇಳಬಹುದು.

ಎಣಿಸುವ ಯಂತ್ರಕ್ಕೆ ಮಾಸ್ ಸ್ಪೆಕ್ಟ್ರೊಮೀಟರ್ ಎಂದು ಹೆಸರು. ಚಿಪ್ಪಿನ ಪುಡಿಗೆ ಫಾಸ್ಫಾರಿಕ್ ಆಮ್ಲ ಸೇರಿಸುತ್ತಾರೆ. ಇಂಗಾಲದ ಡೈಆಕ್ಸೈಡ್ ಅನಿಲ ಹೊರಡುತ್ತದೆ. ಅದಕ್ಕೆ ವಿದ್ಯುದಾವೇಶ ಕೊಟ್ಟು ಒಂದು ಅಯಸ್ಕಾಂತದ ನಡುವೆ ಓಡಿಸುತ್ತಾರೆ. ಓಡುವ ಗಾಡಿ ತಿರುವಿನಲ್ಲಿ ಹೇಗೆ? ಖಾಲಿ ಗಾಡಿ ಚಿಕ್ಕ ಸುತ್ತಿನಲ್ಲಿ ತಿರುಗುತ್ತದೆ, ಹೇರು ತುಂಬಿದ್ದು ಹೊರಮಗ್ಗುಲಿಗೆ ಜಗ್ಗುತ್ತದೆ. ಅಣುಗಳೂ ತೂಕಕ್ಕೆ ತಕ್ಕಂತೆ ಬೇರೆ ಬೇರೆ ದಾರಿಯಲ್ಲಿ ತಿರುಗಿ ಬೇರೆ ಬೇರೆ ಬಟ್ಟಲುಗಳಲ್ಲಿ ಬೀಳುತ್ತವೆ.

೧೯೫೧ರಲ್ಲಿ ಯೂರಿಯೂ ಅವನ ಜೊತೆಗಾರರೂ ಪ್ರಕಟಿಸಿದ ಒಂದು ಪರೀಕ್ಷೆ ಇಂದಿಗೂ ಸೋಜಿಗವನ್ನುಂಟುಮಾಡುವಂಥದು. ಸ್ಕಾಟ್ಲೆಂಡಿನ ಸ್ಕೈ ದ್ವೀಪದಲ್ಲಿ ದೊರೆತ ಬೆಲೆಮ್ನೈಟ್ ಎಂಬ ಕಡಲಜೀವಿಯ ಅವಶೇಷ, ಜುರಾಸಿಕ್ ಯುಗದ್ದು, ಎಂದರೆ ಹದಿನಾಲ್ಕು ಕೋಟಿ ವರ್ಷಗಳಿಗೂ ಹಿಂದಿನದು. ಕೋವಿಯ ಗುಂಡಿನಂತೆ ಚೂಪಾದ ಆ ಕಲ್ಲನ್ನು ಅಡ್ಡಲಾಗಿ ಕೊಯ್ದರೆ ಮರದ ಕಾಂಡದಲ್ಲಿರುವಂತೆ ಉಂಗುರಗಳು. ಹೊರಗಿನಿಂದ ಒಳಕ್ಕೆ ಪದರ ಪದರವಾಗಿ ಕೆರೆದು ಎಣಿಸಿದರು. ಬೇಸಗೆ, ಚಳಿಗಾಲ, ಬೇಸಗೆ, ಚಳಿಗಾಲ ಎಂದು ಅಂಕಿಗಳು ಏರಿಳಿದುವು. ಆ ಪ್ರಾಣಿ ಎಳವೆಯನ್ನು ಕಳೆದ ಮೇಲೆ ಮೂರು ಬೇಸಗೆಗಳನ್ನೂ ನಾಲ್ಕು ಚಳಿಗಾಲಗಳನ್ನೂ ಕಂಡಿತ್ತು. ಎಳವೆಯಲ್ಲಿ ಬೆಚ್ಚನೆಯ ನೀರಿನಲ್ಲಿದ್ದು ಮುಪ್ಪಿನಲ್ಲಿ ತಣ್ಣೀರಿಗೆ ಹೋಗಿತ್ತು. ಸುಮಾರು ನಾಲ್ಕು ವರ್ಷ ಬದುಕಿ ವಸಂತಕಾಲದಲ್ಲಿ ಸತ್ತಿತ್ತು. ನಮ್ಮ ನಾಡಿನ ಎಷ್ಟೋ ಕವಿಗಳ ವಿಷಯದಲ್ಲಿ ಹುಟ್ಟಿದ ಊರು, ಬಾಳಿದ ಕಾಲ ಇಷ್ಟು ಖಚಿತವಾಗಿ ನಮಗೆ ತಿಳಿಯದು!

ಇಲ್ಲಿಗೆ ಹುಡುಗನ ಪ್ರಶ್ನೆಗೆ ಉತ್ತರ ಸಿಕ್ಕಿತೆಂದು ನಾನು ಹಿಗ್ಗಿದೆ. ಆದರೆ ವಿಜ್ಞಾನದ ಉಪಾಧ್ಯಾಯರು, ‘ತಾಳಿ ಪಂಡಿತರೆ, ಇದರಲ್ಲೊಂದು ತೊಡಕಿದೆ’ ಎಂದರು. ಆ ತೊಡಕನ್ನು ಕೇಳಿದಾಗ ನನಗೆ ನೆನಪಾದದ್ದು ಹಿಂದೆ ತರ್ಕಶಾಸ್ತ್ರದಲ್ಲಿ ಓದಿದ ಹೊಗೆ ಬೆಂಕಿಗಳ ಮಾತು. ಹೊಗೆ ಇದ್ದಲ್ಲಿ ಬೆಂಕಿಯುಂಟು ಎಂಬ ಅನುಮಾನ ಸರಿ. ಬೆಂಕಿ ಇದ್ದಲ್ಲಿ ಹೊಗೆಯುಂಟು ಎಂಬುದು ಸರಿಯಲ್ಲ. ಸೌದೆ ಹಸಿಯಾಗಿದ್ದರೆ ಮಾತ್ರ ಹೊಗೆ. ಹೀಗೆ ನಾವು ಹೇಳದೆ ಬಿಟ್ಟ ಷರತ್ತಿಗೆ ಶಾಸ್ತ್ರದಲ್ಲಿ ‘ಉಪಾಧಿ’ ಎನ್ನುತ್ತಾರೆ. ಉಪಾಧಿ ಅಡಗಿದ್ದರೆ ಅನುಮಾನ ಕೆಡುತ್ತದೆ. ಚಿಪ್ಪಿನ ಅನುಮಾನದಲ್ಲಿಯೂ ಉಪಾಧಿ ಅಡಗಿತ್ತು. ಚಿಪ್ಪಿನಲ್ಲಿ ಗುರು ಹೆಚ್ಚಿದ್ದರೆ ನೀರು ತಣ್ಣಗಿತ್ತು ಎಂದೆವು. ಆ ನೀರಿನಲ್ಲಿಯೇ ಗುರುವಿನ ಪಾಲು ಮೊದಲೇ ಹೆಚ್ಚಾಗಿದ್ದರೆ? ಆಗ ತಣ್ಣಗಿರದಿದ್ದರೂ ಚಿಪ್ಪಿನಲ್ಲಿ ಗುರು ಹೆಚ್ಚುತ್ತದೆ. ಯೂರಿಗೆ ಇದು ತಿಳಿಯದ ವಿಷಯವೇನಲ್ಲ. ಆದರೆ ಅಂದಿನ ಸಮುದ್ರದ ನೀರು ಇಂದು ಎಲ್ಲಿಂದ ತರುವುದು? ಬೆಲೆಮ್ನೈಟಿನ ಲೆಕ್ಕ ನಿಂತದ್ದೂ ಅಂದಿನ ನೀರು ಇಂಥದಿದ್ದಿರಬೇಕು ಎಂಬ ಊಹೆಯ ಮೇಲೆ.

ನೀರು ಎಲ್ಲೆಡೆಯೂ ಒಂದೇ ಬಗೆಯದಲ್ಲ ಎಂಬುದನ್ನು ಸೊಗಸಾಗಿ ತೋರಿಸಿದವನು ಡೆನ್ಮಾರ್ಕಿನ ವಿಲ್ಲಿ ಡ್ಯಾನ್ಸ್‌ಗಾರ್ಡ್. ೧೯೫೨ರ ಜೂನ್ ತಿಂಗಳಲ್ಲಿ ಮಳೆ ಹಿಡಿದಾಗ ಅವನು ಮನೆಯ ಹುಲ್ಲುಹಾಸಿನ ಮೇಲೆ ಖಾಲಿ ಬಿಯರ್ ಸೀಸೆಯೊಂದನ್ನಿಟ್ಟು, ಅದರ ಬಾಯಿಗೆ ಆಲಿಕೆ ಸಿಕ್ಕಿಸಿ ಮಳೆನೀರು ಹಿಡಿದ. ಒಂದು ಮಳೆಯಿಂದ ಇನ್ನೊಂದಕ್ಕೆ, ಮೋಡದ ಉಷ್ಣತೆಗೆ ತಕ್ಕಂತೆ, ಗುರುವಿನ ಪಾಲು ಬದಲಾಗುತ್ತಿತ್ತು. ಆ ಸೀಸೆಯಿಂದ ಹೊರಟ ವಿಚಾರ ಗ್ರೀನ್‌ಲೆಂಡಿನ ಹಿಮರಾಶಿಯ ಆಳಕ್ಕೆ ಹೋಯಿತು. ಸಹಸ್ರಾರು ವರ್ಷಗಳ ಹಿಮದ ಪದರಗಳನ್ನು ಓದುವ ವಿದ್ಯೆಯಾಯಿತು. ೧೯೬೧ರಿಂದ ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆಯೂ ವಿಶ್ವ ಹವಾಮಾನ ಸಂಸ್ಥೆಯೂ ಸೇರಿ ಲೋಕದ ಹಲವೆಡೆ ಮಳೆನೀರನ್ನು ಹಿಡಿದು ಪರೀಕ್ಷಿಸುವ ಏರ್ಪಾಡು ಮಾಡಿದುವು.

ಧ್ರುವಪ್ರದೇಶದ ಹಿಮದಲ್ಲಿ ಗುರುವಿನ ಪಾಲು ಸಮುದ್ರಕ್ಕಿಂತ ನೂರಕ್ಕೆ ಮೂರರಿಂದ ಐದರವರೆಗೂ ಕಡಮೆ. ಹಗುರವಾದುದೇ ಅಲ್ಲಿಯವರೆಗೆ ಸಾಗಿ ಬೀಳುವುದು. ಹಿಮಯುಗದಲ್ಲಿ ಸಮುದ್ರದ ನೀರು ನೆಲದ ಮೇಲೆ ಹಿಮವಾಗಿ ಪೇರಿಕೊಂಡು, ಸಮುದ್ರದ ಮಟ್ಟ ಸುಮಾರು ೧೨೦ ಮೀಟರಿನಷ್ಟು ಇಳಿದಿತ್ತು. ಹಗುರವಾದ ನೀರು ಹಿಮದಲ್ಲಿ ಸೆರೆಯಾದರೆ ಸಮುದ್ರದಲ್ಲಿ ಉಳಿದದ್ದು ಸ್ವಲ್ಪ ಭಾರವಾದ ನೀರು. ೧೯೫೫ರಲ್ಲಿ ಚೆಸಾರೆ ಎಮಿಲಿಯಾನಿ ಎಂಬ ವಿದ್ವಾಂಸ ಸಮುದ್ರದ ಕೆಸರಿನ ಸೂಕ್ಷ್ಮಜೀವಿಗಳ ಚಿಪ್ಪುಗಳನ್ನು ಎಣಿಸಿ, ಹಿಮಯುಗಗಳು ಬಂದುಹೋದ ಕ್ರಮವನ್ನು ಗುರುತಿಸಿದ. ಅಂಕಿಗಳ ಏರಿಳಿತಕ್ಕೆ ಮುಖ್ಯ ಕಾರಣ ಉಷ್ಣತೆ ಎಂದ. ೧೯೬೭ರಲ್ಲಿ ಇಂಗ್ಲೆಂಡಿನ ನಿಕೊಲಸ್ ಶ್ಯಾಕಲ್‌ಟನ್ ಇದನ್ನು ತಿದ್ದಿದ. ಅವನ ವಾದ ಸರಳವಾದುದು. ಸಮುದ್ರದ ತಳದ ನೀರು ಈಗಲೇ ಹೆಪ್ಪುಗಟ್ಟುವಷ್ಟು ತಣ್ಣಗಿದೆ. ಅದು ಇನ್ನೆಷ್ಟು ತಣ್ಣಗಾದೀತು? ಆದರೂ ತಳದಲ್ಲಿ ಬಾಳಿದ ಜೀವಿಗಳ ಚಿಪ್ಪಿನಲ್ಲಿಯೂ ಹೆಚ್ಚುಕಡಮೆ ಅಷ್ಟೇ ಏರಿಳಿತ. ಆದ್ದರಿಂದ ಬದಲಾದದ್ದು ಬಹುಮಟ್ಟಿಗೆ ನೀರಿನ ತೂಕ, ಉಷ್ಣತೆಯಲ್ಲ. ಒಂದೇ ಸಮೀಕರಣ, ಅಜ್ಞಾತಗಳು ಎರಡು. ಗಣಿತದ ಉಪಾಧ್ಯಾಯರನ್ನು ಕೇಳಿದರೆ, ಇದು ಬಿಡಿಸಲಾಗದ ಲೆಕ್ಕ ಎನ್ನುತ್ತಾರೆ.

ಈ ತೊಡಕನ್ನು ಬಿಡಿಸಿದ ಹೊಸ ವಿಧಾನವೇ ನನ್ನ ಇಂದಿನ ಮಾತಿನ ಮುಖ್ಯ ವಸ್ತು. ಅದು ನಮ್ಮ ಶತಮಾನದ್ದು. ಅಮೆರಿಕದ ಕ್ಯಾಲಿಫೋರ್ನಿಯ ತಂತ್ರಜ್ಞಾನ ಸಂಸ್ಥೆಯಲ್ಲಿ ಜಾನ್ ಐಲರ್ ಎಂಬವರ ಪ್ರಯೋಗಶಾಲೆಯಲ್ಲಿ ರೂಪುಗೊಂಡಿತು. ಸುಣ್ಣದ ಖನಿಜಗಳಿಗೆ ಅದನ್ನು ಉಷ್ಣಮಾಪಕವಾಗಿ ಅಳವಡಿಸಿ ೨೦೦೬ರಲ್ಲಿ ಪ್ರಕಟವಾದ ಲೇಖನದ ಮೊದಲ ಕರ್ತೃ ಭಾರತೀಯರು, ಪ್ರೊಸೆನ್‌ಜಿತ್ ಘೋಷ್. ಅನಂತರ ಅವರು ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಪ್ರಾಧ್ಯಾಪಕರಾಗಿ ಬಂದು ಇಲ್ಲಿಯೂ ಈ ಕಾರ್ಯವನ್ನು ಮುಂದುವರಿಸಿದರು.

ವಿಧಾನದ ತಿರುಳನ್ನು ಮತ್ತೆ ಛಂದಸ್ಸಿನಿಂದಲೇ ಹೇಳುತ್ತೇನೆ. ಒಂದು ಕಾವ್ಯದಲ್ಲಿ ಒಟ್ಟು ಎಷ್ಟು ಗುರುಗಳಿವೆ ಎಂದು ಎಣಿಸುವುದು ಹಳೆಯ ವಿಧಾನ. ಗುರುವಿನ ಪಕ್ಕದಲ್ಲಿಯೇ ಗುರು ಎಷ್ಟು ಸಲ ಬಂದಿದೆ ಎಂದು ಎಣಿಸುವುದು ಹೊಸ ವಿಧಾನ. ಸುಣ್ಣದ ಅಣುವಿನಲ್ಲಿ ಭಾರವಾದ ಇಂಗಾಲವೂ ಭಾರವಾದ ಆಮ್ಲಜನಕವೂ ಒಂದಕ್ಕೊಂದು ಕೈಹಿಡಿದಿರುವ ಜೋಡಿಗಳನ್ನು ಹುಡುಕುತ್ತಾರೆ. ಎರಡು ಭಾರದ ಪರಮಾಣುಗಳ ನಡುವಣ ಬಂಧ ತುಸು ಗಟ್ಟಿ. ತಣ್ಣಗಿದ್ದಾಗ ಪರಮಾಣುಗಳು ಈ ಗಟ್ಟಿಬಂಧವನ್ನು ಹೆಚ್ಚಾಗಿ ಆರಿಸಿಕೊಳ್ಳುತ್ತವೆ. ಬಿಸಿಯೇರಿದಂತೆ ಜಾತ್ರೆಯ ನೂಕುನುಗ್ಗಲಿನಂತಾಗಿ ಯಾರ ಪಕ್ಕದಲ್ಲಿ ಯಾರೋ ನಿಲ್ಲುತ್ತಾರೆ.

ಇದರ ಲೆಕ್ಕವನ್ನು ಮಕ್ಕಳೂ ಮಾಡಬಹುದು. ಚಿಪ್ಪಿನಿಂದ ಹೊರಟ ಇಂಗಾಲದ ಡೈಆಕ್ಸೈಡಿನ ಅಣುವಿನಲ್ಲಿ ಒಂದು ಇಂಗಾಲ, ಎರಡು ಆಮ್ಲಜನಕ. ಎಲ್ಲವೂ ಲಘುವಾದರೆ ತೂಕ ೧೨, ೧೬, ೧೬ ಸೇರಿ ೪೪. ಭಾರದ ಜೋಡಿ ಇದ್ದರೆ ೧೩, ೧೮, ೧೬ ಸೇರಿ ೪೭. ಇಂಗಾಲದಲ್ಲಿ ತೊಂಬತ್ತಕ್ಕೆ ಒಂದು ಗುರು. ಆಮ್ಲಜನಕದಲ್ಲಿ ಐದುನೂರಕ್ಕೆ ಒಂದಾದರೂ, ಅಣುವಿಗೆ ಎರಡಿರುವುದರಿಂದ ೨೫೦ ಅಣುಗಳಿಗೆ ಒಂದರಲ್ಲಿ ಅದು ಸಿಕ್ಕೀತು. ತೊಂಬತ್ತನ್ನು ೨೫೦ರಿಂದ ಗುಣಿಸಿದರೆ ೨೨,೫೦೦. ಅಂದರೆ ಬರಿಯ ಆಕಸ್ಮಿಕದಿಂದಲೇ ೨೨,೫೦೦ ಅಣುಗಳಿಗೆ ಸುಮಾರು ಒಂದರಲ್ಲಿ ಭಾರದ ಜೋಡಿ ಇರುತ್ತದೆ. ಆದರೆ ಯಂತ್ರದಲ್ಲಿ ಎಣಿಸಿದಾಗ ಇದಕ್ಕಿಂತ ತುಸು ಹೆಚ್ಚಿಗೆ ಕಾಣುತ್ತದೆ. ಎಷ್ಟು ಹೆಚ್ಚು? ಆಕಸ್ಮಿಕದಿಂದ ಹತ್ತು ಸಾವಿರ ಜೋಡಿ ಇರಬೇಕಾದಲ್ಲಿ, ೨೫ ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಬೆಳೆದ ಚಿಪ್ಪಿಗೆ ಹತ್ತು ಸಾವಿರದ ಆರು. ಆ ಆರು ಜೋಡಿಗಳಲ್ಲಿದೆ ಕಾಲದ ಉಷ್ಣತೆ!

ಇದರಿಂದ ಆದ ಲಾಭವನ್ನು ಗಮನಿಸಿ. ಒಟ್ಟು ಗುರುಗಳ ಸಂಖ್ಯೆ ನೀರಿನ ಗುಣವನ್ನು ಅವಲಂಬಿಸಿದೆ, ನಿಜ. ಆದರೆ ಇರುವ ಗುರುಗಳು ತಮ್ಮತಮ್ಮೊಳಗೆ ಎಷ್ಟು ಜೋಡಿಯಾಗಿವೆ ಎಂಬುದು ಚಿಪ್ಪಿನ ಒಳಗಿನ ಸಂಗತಿ. ಅದಕ್ಕೆ ನೀರಿನ ಸಾಕ್ಷಿ ಬೇಕಾಗಿಲ್ಲ. ಉಪಾಧಿ ಕಳಚಿತು. ಅಷ್ಟೇ ಅಲ್ಲ, ಜೋಡಿಗಳಿಂದ ಉಷ್ಣತೆ ತಿಳಿದ ಮೇಲೆ ಯೂರಿಯ ಹಳೆಯ ಸಮೀಕರಣಕ್ಕೆ ಮರಳಿ, ಆ ಕಾಲದ ನೀರು ಹೇಗಿತ್ತು ಎಂಬುದನ್ನೂ ಹೇಳಬಹುದು. ಈಗ ಸಮೀಕರಣಗಳು ಎರಡು, ಅಜ್ಞಾತಗಳೂ ಎರಡು.

ಮಕ್ಕಳಿಗೆ ಮೆಚ್ಚಾಗುವ ಒಂದು ಉದಾಹರಣೆ ಕೊಡುತ್ತೇನೆ. ಡೈನೊಸಾರ್ ಎಂಬ ದೈತ್ಯಪ್ರಾಣಿಗಳ ರಕ್ತ ಹಲ್ಲಿಯಂತೆ ತಣ್ಣಗಿತ್ತೋ ನಮ್ಮಂತೆ ಬೆಚ್ಚಗಿತ್ತೋ ಎಂಬುದು ವಿದ್ವಾಂಸರ ಹಳೆಯ ಜಗಳ. ೨೦೧೧ರಲ್ಲಿ ರಾಬರ್ಟ್ ಈಗಲ್ ಮತ್ತು ಸಂಗಡಿಗರು ಟಾಂಜಾನಿಯ ಹಾಗೂ ಅಮೆರಿಕದ, ಸುಮಾರು ೧೫ ಕೋಟಿ ವರ್ಷ ಹಿಂದಿನ ಡೈನೊಸಾರ್ ಹಲ್ಲುಗಳ ಗಾಜಿನಂಥ ಮೇಲ್ಪದರದಲ್ಲಿ ಭಾರದ ಜೋಡಿಗಳನ್ನು ಎಣಿಸಿದರು. ಹಲ್ಲು ಬೆಳೆಯುವುದು ಬಾಯಲ್ಲಿ; ಆದ್ದರಿಂದ ಅದು ಹೇಳುವುದು ಮೈಯ ಬಿಸಿಯನ್ನು. ಬ್ರಾಕಿಯೊಸಾರಸ್ ಜಾತಿಗೆ ಸುಮಾರು ೩೮ ಡಿಗ್ರಿ, ಕ್ಯಾಮರಸಾರಸ್ ಜಾತಿಗೆ ಸುಮಾರು ೩೬ ಡಿಗ್ರಿ ಎಂದು ತಿಳಿದುಬಂತು. ಹೆಚ್ಚುಕಡಮೆ ನಮ್ಮ ನಿಮ್ಮ ಮೈಯ ಬಿಸಿಯೇ. ಇದರಿಂದ ಜಗಳ ಪೂರ್ತಿ ತೀರಲಿಲ್ಲ. ಅಷ್ಟು ದೊಡ್ಡ ಒಡಲು ಒಳಗಿನ ಕಾವನ್ನು ಬೇಗ ಕಳೆದುಕೊಳ್ಳಲಾರದೆ ಬೆಚ್ಚಗೆ ಉಳಿದಿದ್ದೀತು ಎಂದು ವಾದಿಸಲು ಎಡೆಯುಂಟು. ಆದರೆ ಈಗ ಆ ವಾದಕ್ಕೆ ಒಂದು ಅಂಕಿ ಆಧಾರವಾಗಿ ಸಿಕ್ಕಿದೆ.

ಹೊಸ ವಿದ್ಯೆ ದೋಷವಿಲ್ಲದ್ದೆಂದು ನಾನು ಹೇಳಿದರೆ ಮತ್ತೆ ‘ಅಂತೆ’ಯ ಉಪಾಧ್ಯಾಯನೇ ಆದೇನು. ಒಂದು ಡಿಗ್ರಿಯ ವ್ಯತ್ಯಾಸಕ್ಕೆ ಈ ಅಳತೆಯಲ್ಲಿ ಬರುವ ಬದಲಾವಣೆ ಹತ್ತು ಲಕ್ಷಕ್ಕೆ ಮೂರು ನಾಲ್ಕು ಪಾಲು ಮಾತ್ರ. ಹೀಗಾಗಿ ಒಂದೊಂದು ಮಾದರಿಯನ್ನೂ ಮತ್ತೆ ಮತ್ತೆ ಅಳೆಯಬೇಕು. ಚಿಪ್ಪು ನೆಲದ ಆಳದಲ್ಲಿ ಹುದುಗಿ ಬಿಸಿಗೆ ಸಿಕ್ಕಿದರೆ ಜೋಡಿಗಳು ಚೆದರಿ, ಅದು ತನ್ನ ಹಳೆಯ ನೆನಪನ್ನು ಕಳೆದುಕೊಳ್ಳುತ್ತದೆ. ಹವಳದಂಥ ಕೆಲವು ಜೀವಿಗಳು ತಮ್ಮದೇ ರೀತಿಯಲ್ಲಿ ಸುಣ್ಣ ಕಟ್ಟಿ ನಿಯಮವನ್ನು ಮೀರುತ್ತವೆ. ಎಲ್ಲಕ್ಕಿಂತ ದೊಡ್ಡ ತೊಂದರೆ ಬೇರೊಂದಿತ್ತು. ಒಂದೇ ಉಷ್ಣತೆಗೆ ಒಂದೊಂದು ಪ್ರಯೋಗಶಾಲೆಯಲ್ಲಿ ಒಂದೊಂದು ಅಂಕಿ ಬರುತ್ತಿತ್ತು. ನಮ್ಮ ಹಿರಿಯರ ಕಾಲದಲ್ಲಿ ಒಂದು ಊರಿನ ಸೇರು ಇನ್ನೊಂದು ಊರಿನ ಸೇರ‍ಿಗೆ ಸಮವಾಗಿರುತ್ತಿರಲಿಲ್ಲವಷ್ಟೆ. ಸಂತೆಯಲ್ಲಿ ಜಗಳ ತಪ್ಪುತ್ತಿರಲಿಲ್ಲ. ಇಲ್ಲಿಯೂ ಹಾಗೆಯೇ ಆಯಿತು. ಕೊನೆಗೆ ಎಲ್ಲರೂ ಒಂದೇ ಬಗೆಯ ಸುಣ್ಣದ ಪುಡಿಗಳನ್ನು ಹಂಚಿಕೊಂಡು ಅಳೆದು, ಅದನ್ನೇ ಪಡಿಯಾಗಿ ಹಿಡಿಯಬೇಕೆಂದು ನಿಶ್ಚಯಿಸಿದರು. ಲೋಕದ ೨೨ ಪ್ರಯೋಗಶಾಲೆಗಳು ಸೇರಿ ಮಾಡಿದ ಈ ಪರೀಕ್ಷೆಯ ಫಲ ೨೦೨೧ರಲ್ಲಿ ಪ್ರಕಟವಾಯಿತು. ಪಡಿ ಒಂದಾದೊಡನೆ ಅಂಕಿಗಳೂ ಬಹುಮಟ್ಟಿಗೆ ಒಂದಾದುವು. ಇದರ ಮುಂದಾಳು ಜೂರಿಕ್ ನಗರದ ಸ್ಟೆಫಾನೊ ಬರ್ನಾಸ್ಕೊನಿ. ಯೂರಿ ಉಪನ್ಯಾಸ ಮಾಡಿದ ಊರಿನಲ್ಲಿಯೇ, ಮುಕ್ಕಾಲು ಶತಮಾನದ ಮೇಲೆ, ಅವನ ವಿದ್ಯೆಯ ಅಳತೆ ಪಡಿಗೆ ಬಂತು.

ನಮ್ಮ ನಾಡಿಗೂ ಈ ವಿದ್ಯೆಗೂ ಇನ್ನೊಂದು ನಂಟಿದೆ. ಉತ್ತರ ಕನ್ನಡ ಜಿಲ್ಲೆಯ ಅಕಳಗವಿ ಎಂಬ ಗುಹೆಯಲ್ಲಿ, ಮೇಲಿನಿಂದ ತೊಟ್ಟಿಕ್ಕುವ ನೀರಿನ ಸುಣ್ಣ ಕೂಡಿ ನೆಲದಿಂದ ಮೇಲಕ್ಕೆ ಬೆಳೆದ ಒಂದು ಕಂಬವನ್ನು ಅಹಮದಾಬಾದಿನ ಭೌತ ಸಂಶೋಧನಾಲಯದ ಎಂ. ಜಿ. ಯಾದವ, ಆರ್. ರಮೇಶ್ ಅವರೂ ಪುಣೆಯ ಜಿ. ಬಿ. ಪಂತ್ ಅವರೂ ಪರೀಕ್ಷಿಸಿ ೨೦೦೪ರಲ್ಲಿ ಪ್ರಕಟಿಸಿದರು. ವರ್ಷಕ್ಕೊಂದು ಪದರದಂತೆ ಅದರಲ್ಲಿ ೩೩೧ ವರ್ಷಗಳ ಲೆಕ್ಕವಿತ್ತು. ನಮ್ಮ ಉಷ್ಣವಲಯದಲ್ಲಿ ಮಳೆಯ ಲಘುಗುರುವನ್ನು ನಿರ್ಧರಿಸುವುದು ಬಿಸಿಗಿಂತ ಹೆಚ್ಚಾಗಿ ಮಳೆಯ ಪ್ರಮಾಣ. ಮುಂಗಾರು ಜೋರಾದ ವರ್ಷ ನೀರಿನಲ್ಲಿ ಗುರು ಕಡಮೆ. ಬರದ ವರ್ಷ ಗುರು ಹೆಚ್ಚು. ಆದ್ದರಿಂದ ಆ ಕಂಬ ಮಳೆಯ ದಿನಚರಿ. ಮಳೆಮಾಪಕವಿಲ್ಲದ ಕಾಲದ ಮುಂಗಾರಿನ ಏರಿಳಿತ ಅದರಲ್ಲಿ ದಾಖಲಾಗಿದೆ. ಮಳೆನೀರನ್ನು ಅಳೆಯುವುದೂ ಈಗ ಸುಲಭವಾಗಿದೆ. ಲೇಸರ್ ಬೆಳಕನ್ನು ನೀರಿನ ಆವಿಯಲ್ಲಿ ಹಾಯಿಸಿ, ಯಾವ ಅಣು ಎಷ್ಟು ಬೆಳಕನ್ನು ನುಂಗಿತೆಂದು ನೋಡಿ ಲಘುಗುರುಗಳನ್ನು ಹೇಳುವ, ಪೆಟ್ಟಿಗೆಯಷ್ಟು ದೊಡ್ಡ ಯಂತ್ರಗಳು ಬಂದಿವೆ; ಮಳೆ ಬೀಳುವ ಜಾಗಕ್ಕೇ ಅವನ್ನು ಒಯ್ಯಬಹುದು.

ಸತ್ತ ಪ್ರಾಣಿಯ ಚಿಪ್ಪಿನ ಬಿಸಿಯನ್ನು ತಿಳಿದು ನಮಗೇನಾಗಬೇಕು ಎಂದು ಯಾರಾದರೂ ಕೇಳಬಹುದು. ಲೋಕದ ಉಷ್ಣತೆಯನ್ನು ಯಂತ್ರಗಳಿಂದ ನಂಬುವಂತೆ ಅಳೆದಿಟ್ಟಿರುವುದು ಸುಮಾರು ನೂರೈವತ್ತು ವರ್ಷಗಳಿಂದ ಈಚೆಗೆ. ಕೈಗಾರಿಕೆಗಳು ಬೆಳೆಯುವ ಮೊದಲು ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಹತ್ತು ಲಕ್ಷಕ್ಕೆ ಸುಮಾರು ೨೮೦ ಪಾಲಿತ್ತು. ಈಗ ೪೨೦ನ್ನು ಮೀರಿದೆ. ಮನುಷ್ಯ ಅಕ್ಷರ ಕಲಿತ ಮೇಲೆ ಇಷ್ಟು ಎಂದೂ ಇರಲಿಲ್ಲ. ಆದುದರಿಂದ ಇಷ್ಟು ಅನಿಲವಿದ್ದಾಗ ಭೂಮಿ ಎಷ್ಟು ಬಿಸಿಯಾಗುತ್ತದೆ ಎಂಬುದಕ್ಕೆ ಮನುಷ್ಯರ ಬರಹದಲ್ಲಿ ಉತ್ತರವಿಲ್ಲ. ಉತ್ತರವಿರುವುದು ಚಿಪ್ಪುಗಳಲ್ಲಿ, ಹಲ್ಲುಗಳಲ್ಲಿ, ಗುಹೆಯ ಕಲ್ಲುಗಳಲ್ಲಿ. ಅವನ್ನು ತಪ್ಪಿಲ್ಲದೆ ಓದುವುದು ನಮ್ಮ ಮಕ್ಕಳ ಮುಂದಿನ ಬಾಳಿಗೆ ಸಂಬಂಧಪಟ್ಟ ಕೆಲಸ.

ಇಷ್ಟನ್ನು ನಾನು ತಿಳಿದುಕೊಳ್ಳುವ ಹೊತ್ತಿಗೆ ಆ ಹುಡುಗ ಹತ್ತನೆಯ ತರಗತಿಗೆ ಬಂದಿದ್ದ. ಅವನನ್ನು ಕರೆದು, ‘ಅವತ್ತು ನಿನ್ನನ್ನ ಸುಮ್ಮನೆ ಕೂರಿಸಿಬಿಟ್ಟೆ, ಅದು ನನ್ನ ತಪ್ಪು’ ಎಂದು ಹೇಳಿ, ಲಘುಗುರುಗಳ ಈ ಕಥೆಯನ್ನೆಲ್ಲ ಹೇಳಿದೆ. ಅವನು ಸ್ವಲ್ಪ ಹೊತ್ತು ಯೋಚಿಸಿ, ‘ಸಾರ್, ಸಮುದ್ರದ ಚಿಪ್ಪೇ ಆಗ್ಬೇಕಾ? ನಮ್ಮೂರ ಕೆರೆ ಚಿಪ್ಪು ಆಗಲ್ವಾ?’ ಎಂದ. ಹಳೆಯ ವಿಧಾನದಲ್ಲಾಗಿದ್ದರೆ ಆಗದು ಎನ್ನಬೇಕಾಗಿತ್ತು. ಬೇಸಗೆಯಲ್ಲಿ ಕೆರೆ ಬತ್ತುತ್ತ ಹಗುರವಾದ ನೀರು ಹಾರಿಹೋಗಿ, ಉಳಿದ ನೀರಿನ ಗುಣವೇ ದಿನದಿನಕ್ಕೆ ಬದಲಾಗುತ್ತದೆ. ಆದರೆ ಜೋಡಿಗಳನ್ನು ಎಣಿಸುವ ವಿಧಾನಕ್ಕೆ ಅದರ ಅಡ್ಡಿಯಿಲ್ಲ. ನೀರಿನ ಬಿಸಿಯನ್ನೂ ಕೆರೆ ಎಷ್ಟು ಬತ್ತಿತ್ತೆಂಬ ಸೂಚನೆಯನ್ನೂ ಕೆರೆಯ ಚಿಪ್ಪು ಹೇಳಬಲ್ಲುದು. ‘ಆಗುತ್ತೆ ಕಣಯ್ಯ’ ಎಂದೆ. ಈ ಸಲ ‘ಆಗುತ್ತಂತೆ’ ಎನ್ನಲಿಲ್ಲ.

ಮರುದಿನ ಅವನು ಊಟದ ಡಬ್ಬಿಯಲ್ಲಿ ಒಂದು ಹಿಡಿ ಚಿಪ್ಪು ತಂದು ನನ್ನ ಮೇಜಿನ ಮೇಲಿಟ್ಟ. ಅವನ್ನು ಎಣಿಸುವ ಯಂತ್ರ ನಮ್ಮ ಶಾಲೆಯಲ್ಲಿಲ್ಲ. ಆದರೆ ಕೇಳುವ ಹುಡುಗರಿದ್ದಾರೆ. ಅವರನ್ನು ಕೂರಿಸಿಬಿಡದಿರುವುದು ಉಪಾಧ್ಯಾಯರಾದ ನಮ್ಮ ಕೈಯಲ್ಲಿದೆ.